ಇಲಿಯ ಪ್ರತಿಕಾಯಕ್ಕೆ ಮನುಷ್ಯನ ಮೈ

ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಕೇಂಬ್ರಿಜ್‌ನ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲೇ ತೋರಿಸಿಕೊಟ್ಟಿದ್ದರು. ಇಲಿಯ ಗುಲ್ಮದಿಂದ ತೆಗೆದ ಕೋಶವನ್ನು, ಎಡೆಬಿಡದೆ ವಿಭಜನೆಯಾಗುವ ಕ್ಯಾನ್ಸರ್ ಕೋಶದ ಜೊತೆ ಬೆಸೆಯುವುದು ಅವರ ಉಪಾಯ. ಆದರೆ ಚಿಕಿತ್ಸೆಗೆ ಅಡ್ಡಬಂದದ್ದೂ ಆ ಇಲಿಯೇ. ರೋಗಿಯ ದೇಹ ಇಲಿಯ ಪ್ರೋಟೀನನ್ನು ಪರಕೀಯವೆಂದು ಗುರುತಿಸಿ ಅದರ ಮೇಲೆಯೇ ಪ್ರತಿಕಾಯಗಳನ್ನು ಹರಿಯಬಿಡುತ್ತಿತ್ತು. ಔಷಧ ಕ್ಯಾನ್ಸರ್ ಗೆಡ್ಡೆ ತಲುಪುವ ಮೊದಲೇ ರಕ್ತದಿಂದ ಮಾಯವಾಗುತ್ತಿತ್ತು.

ಪ್ರತಿಕಾಯದ ಆಕಾರ ಕವೆಗೋಲಿನಂಥದ್ದು. ಅದರ ಒಂದೊಂದು ತೋಳಿನ ತುದಿಯಲ್ಲೂ ಆರು ಪುಟ್ಟ ಕುಣಿಕೆಗಳಿವೆ. ಗುರಿಯನ್ನು ಹಿಡಿಯುವುದು ಮುಖ್ಯವಾಗಿ ಇವೇ. ಹಾಗಿದ್ದರೆ ಕುಣಿಕೆಗಳನ್ನಷ್ಟೇ ಇಲಿಯಿಂದ ತಂದು ಮನುಷ್ಯನ ಪ್ರತಿಕಾಯಕ್ಕೆ ಕಸಿ ಮಾಡಿದರೆ? 1986ರಲ್ಲಿ ಕೇಂಬ್ರಿಜ್‌ನದೇ ಗ್ರೆಗ್ ವಿಂಟರ್ ತಂಡ ಇದು ಸಾಧ್ಯವೆಂದು ತೋರಿಸಿತು.

ಅತ್ತ ಅಮೆರಿಕದಲ್ಲಿ ಡೆನಿಸ್ ಸ್ಲಾಮನ್ 1987ರಲ್ಲಿ ಇನ್ನೊಂದು ಎಳೆ ಹಿಡಿದಿದ್ದರು. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಹರ್‌-2 ಎಂಬ ಜೀನ್ ಎರಡು ಪ್ರತಿಗಳ ಬದಲು ಹಲವಾರು ಪ್ರತಿಗಳಲ್ಲಿತ್ತು, ಅಂಥ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಆ ಜೀನ್ ತಯಾರಿಸುವ ಪ್ರೋಟೀನು ಕೋಶದ ಹೊರಮೈಯಲ್ಲಿ ಕಾಣಿಸಿಕೊಂಡು ‘ಬೆಳೆ, ಬೆಳೆ’ ಎಂದು ಒಳಗೆ ಸೂಚನೆ ಕಳಿಸುತ್ತದೆ. ಅದನ್ನು ಹಿಡಿಯುವ ಇಲಿ ಪ್ರತಿಕಾಯವೊಂದು ಜೆನೆನ್‌ಟೆಕ್ ಕಂಪನಿಯಲ್ಲಿತ್ತು, ಹೆಸರು 4ಡಿ5.

4ಡಿ5ರ ಕುಣಿಕೆಗಳ ಕಸಿಯೇನೋ ಆಯಿತು, ಫಲ ಮಾತ್ರ ಬರಲಿಲ್ಲ. ಬರೀ ಕುಣಿಕೆಗಳನ್ನು ಕೂರಿಸಿದ ಮೊದಲ ಪ್ರತಿಕಾಯ ಗುರಿಗೆ ಸಡಿಲವಾಗಿ ಅಂಟಿತು, ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯಲಿಲ್ಲ. ಕುಣಿಕೆಗಳಿಗೆ ಆಕಾರ ಕೊಡುವುದು ಕೆಳಗಿನ ಚೌಕಟ್ಟು ತಾನೇ! ಜೆನೆನ್‌ಟೆಕ್‌ನ ಪಾಲ್ ಕಾರ್ಟರ್ ತಂಡ ಚೌಕಟ್ಟಿನ ಕೆಲವೇ ಅಮೈನೊ ಆಮ್ಲಗಳನ್ನು ಬದಲಿಸುತ್ತ ಹೋಯಿತು. 1992ರಲ್ಲಿ ಪ್ರಕಟವಾದ ಎಂಟನೇ ರೂಪ ಮೂಲ ಇಲಿ ಪ್ರತಿಕಾಯಕ್ಕಿಂತ ಮೂರು ಪಟ್ಟು ಬಿಗಿಯಾಗಿ ಗುರಿಯನ್ನು ಹಿಡಿಯಿತು. ಜೊತೆಗೆ, ಕವೆಗೋಲಿನ ಹಿಡಿಯಂತಿರುವ ಬಾಲದ ಭಾಗ ಮನುಷ್ಯನದೇ ಆದ್ದರಿಂದ ನಮ್ಮ ರೋಗನಿರೋಧಕ ಕೋಶಗಳು ಅದನ್ನು ಗುರುತಿಸಿ ಕ್ಯಾನ್ಸರ್ ಕೋಶದ ಮೇಲೆ ಎರಗುವಂತಾಯಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಮೆಚ್ಚುಗೆಯಾಗುವ ಭಾಗ ಈ ತಾಳ್ಮೆಯ ತಿದ್ದುಪಡಿಯೇ.

ಆ ಎಂಟನೇ ರೂಪವೇ ಟ್ರಾಸ್ಟುಜುಮ್ಯಾಬ್ ಎಂಬ ಔಷಧ. ಅದಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಸಮರೂಪಿ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು. ಮೈಲಾನ್ ಜೊತೆ ಸೇರಿ 2017ರಲ್ಲಿ ಅಮೆರಿಕದ ಅನುಮತಿಯನ್ನೂ ಪಡೆಯಿತು.

ಇದು ಎಲ್ಲರಿಗೂ ಕೊಡುವ ಮದ್ದಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲಿ ಒಂದು ಮಾತ್ರ ಹರ್‌-2 ಬಗೆಯದು, ಹಾಗಾಗಿ ಬಯಾಪ್ಸಿಯ ತುಣುಕನ್ನು ಮೊದಲು ಪರೀಕ್ಷಿಸಬೇಕು. ಹೃದಯದ ಸ್ನಾಯುಕೋಶಗಳಿಗೂ ಹರ್‌-2 ಬೇಕು. ಪ್ರತಿಕಾಯ ಗುರುತಿಸುವುದು ಹರ್‌-2 ಅನ್ನೇ ಹೊರತು ಕ್ಯಾನ್ಸರನ್ನಲ್ಲ. ಹಾಗಾಗಿ ಔಷಧದಿಂದ ಹೃದಯಕ್ಕೂ ತೊಂದರೆಯಾಗಬಹುದು. ಅದಕ್ಕೇ ಚಿಕಿತ್ಸೆಗೆ ಮುನ್ನ ಒಮ್ಮೆ, ಆಮೇಲೂ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸಲು ವೈದ್ಯರು ಬರೆದುಕೊಡುತ್ತಾರೆ.