ಡಿ ಸೋಟೋ ಮೋಟಾರಿನ ಉದಯಾಸ್ತಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಾಜಮಾರ್ಗದಲ್ಲಿ, ಚನ್ನಪಟ್ಟಣವನ್ನು ದಾಟಿದೊಡನೆ ಸಿಕ್ಕುವ ದೊಡ್ಡಮಳೂರನ್ನು ಅರಿಯದವರು ನಮ್ಮ ವಾಚಕರಲ್ಲಿ ವಿರಳ. ಅಪ್ರಮೇಯಸ್ವಾಮಿಯ ದರ್ಶನಕ್ಕೂ ಅಂಬೆಗಾಲು ಕೃಷ್ಣನ ಸೇವೆಗೂ ಬರುವ ಭಕ್ತರು ಎತ್ತಿನ ಗಾಡಿಯಿಂದ ಮೋಟಾರಿನವರೆಗೆ ಎಲ್ಲ ಬಗೆಯ ವಾಹನಗಳಲ್ಲಿಯೂ ಈ ದಾರಿಯನ್ನು ಸವೆಸಿದ್ದಾರೆ. 2023ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಹೊಸ ಹೆದ್ದಾರಿಯು ಉದ್ಘಾಟಿತವಾಗಿ, ರಾಮನಗರ ಚನ್ನಪಟ್ಟಣಗಳನ್ನು ಬದಿಗಿರಿಸಿ ಹೋಗುವ ಮಾರ್ಗವು ಬಳಕೆಗೆ ಬಂದ ಮೇಲೆ ಬೆಂಗಳೂರು ಮೈಸೂರುಗಳೆರಡೂ ಒಂದಕ್ಕೊಂದು ಹತ್ತಿರವಾದುವು; ನಡುವಣ ಊರುಗಳ ಅಂಗಡಿ ಹೋಟೆಲುಗಳ ವ್ಯಾಪಾರ ಮಾತ್ರ ತಗ್ಗಿತು. ಎರಡು ತುದಿಗಳು ಬಲವಾದಾಗ ನಡುವೆ ಇರುವುದು ಸೊರಗುವುದೆಂಬ ಈ ನಿಯಮವು ಊರುಗಳಿಗೆ ಹೇಗೋ ಪದಾರ್ಥಗಳಿಗೂ ಹಾಗೆಯೇ ಅನ್ವಯಿಸುತ್ತದೆ. ಈ ದಾರಿಯಲ್ಲಿ ಓಡಾಡುವ ಮೋಟಾರುಗಳ ಚರಿತ್ರೆಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಅಮೆರಿಕದ ಡಿ ಸೋಟೋ ಎಂಬ ಮಧ್ಯಮ ಬೆಲೆಯ ಗಾಡಿಯ ವೃತ್ತಾಂತವೇ ಅದು.

ಎಂದೋ ಅಳಿದುಹೋದ ಪರದೇಶದ ಗಾಡಿಯೊಂದರ ವಿಚಾರ ನಮಗೇಕೆಂದು ಕೆಲವರು ಕೇಳಬಹುದು. ಆ ಗಾಡಿಯನ್ನು ಹೊರತಂದ ಕಂಪೆನಿಯ ನೆರವಿನಿಂದಲೇ ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರಖಾನೆಯೊಂದು ಸ್ಥಾಪಿತವಾಗುವುದರಲ್ಲಿತ್ತೆಂಬುದನ್ನು ನೆನೆದರೆ, ಈ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಮೊದಲು ಗಾಡಿಯ ಜನ್ಮವೃತ್ತಾಂತವನ್ನು ಹೇಳುವೆವು. ರೈಲ್ವೆ ಕಾರಖಾನೆಯಲ್ಲಿ ಯಂತ್ರದ ಕೆಲಸ ಮಾಡುತ್ತ ಮೇಲೆ ಬಂದ ವಾಲ್ಟರ್ ಕ್ರೈಸ್ಲರ್ ಎಂಬಾತನು 1925ರಲ್ಲಿ ತನ್ನ ಹೆಸರಿನ ಕಂಪೆನಿಯನ್ನು ಸ್ಥಾಪಿಸಿದನು. ಆ ಕಾಲಕ್ಕೆ ಜನರಲ್ ಮೋಟಾರ್ಸ್ ಕಂಪೆನಿಯವರು ಅಲ್ಪ ಆದಾಯದವನಿಗೊಂದು, ಗುಮಾಸ್ತನಿಗೊಂದು, ವಕೀಲನಿಗೊಂದು, ಸಾಹುಕಾರನಿಗೊಂದು ಎಂಬಂತೆ ಮೆಟ್ಟಿಲು ಮೆಟ್ಟಿಲಾಗಿ ಬೆಲೆ ಕಟ್ಟಿ ಬೇರೆ ಬೇರೆ ಹೆಸರಿನ ಗಾಡಿಗಳನ್ನು ಮಾರುತ್ತಿದ್ದರು. ಗಿರಾಕಿಯ ಸಂಪಾದನೆ ಏರಿದಂತೆ ಅವನು ಒಂದೊಂದೇ ಮೆಟ್ಟಿಲು ಹತ್ತಬೇಕು, ಆದರೆ ತಮ್ಮ ಮನೆಯನ್ನು ಬಿಟ್ಟು ಹೋಗಬಾರದು ಎಂಬುದು ಅವರ ತಂತ್ರ. ಕ್ರೈಸ್ಲರನೂ ಇದೇ ಮಾರ್ಗವನ್ನು ಹಿಡಿದು, 1928ರಲ್ಲಿ ಕೆಳಗಿನ ಮೆಟ್ಟಿಲಿಗೆ ಪ್ಲಿಮತ್ ಎಂಬ ಗಾಡಿಯನ್ನೂ ನಡುವಿನ ಮೆಟ್ಟಿಲಿಗೆ ಡಿ ಸೋಟೋ ಎಂಬುದನ್ನೂ ಹೊರತಂದನು. 1541ರಲ್ಲಿ ಮಿಸಿಸಿಪಿ ನದಿಯನ್ನು ತಲುಪಿದ ಸ್ಪೇನ್ ದೇಶದ ಸಾಹಸಿಯೊಬ್ಬನ ಹೆಸರು ಅದು. ಬೆಲೆ 845 ಡಾಲರಿನಿಂದ ಮೊದಲಾಗುತ್ತಿತ್ತು. ಮೊದಲ ಹನ್ನೆರಡು ತಿಂಗಳಲ್ಲಿ 81,065 ಗಾಡಿಗಳು ಮಾರಾಟವಾದುವು. ಹೊಸ ಹೆಸರಿನ ಗಾಡಿಯೊಂದು ಪ್ರಥಮ ವರ್ಷದಲ್ಲಿ ಗಳಿಸಿದ ಈ ಕೀರ್ತಿಯನ್ನು ಮುಂದೆ ಸುಮಾರು ಮೂವತ್ತು ವರ್ಷಗಳವರೆಗೆ ಮತ್ತಾವ ಗಾಡಿಯೂ ಮೀರಲಿಲ್ಲ.

ಆದರೆ ಹುಟ್ಟಿದ ವರ್ಷವೇ ಡಿ ಸೋಟೋವಿಗೆ ದಾಯಾದಿಯೂ ಬಂದನು. ಅದೇ 1928ರ ಜುಲೈ ಅಂತ್ಯದಲ್ಲಿ ಕ್ರೈಸ್ಲರನು ಸುಮಾರು 17 ಕೋಟಿ ಡಾಲರು ಬೆಲೆಯ ಷೇರುಗಳನ್ನು ಕೊಟ್ಟು ಡಾಡ್ಜ್ ಸಹೋದರರ ಕಂಪೆನಿಯನ್ನು ಕೊಂಡುಕೊಂಡನು. ಡಾಡ್ಜ್ ಆಗಲೇ ಹೆಸರುವಾಸಿಯಾದ ಗಾಡಿ. ಅದರ ಕಾರಖಾನೆ ಕ್ರೈಸ್ಲರನ ಕಾರಖಾನೆಗಿಂತ ದೊಡ್ಡದು. ಅದರ ಬೆಲೆಯೂ ನಡುವಿನ ಮೆಟ್ಟಿಲಿನದೇ. ಔರಸಪುತ್ರನು ತೊಟ್ಟಿಲಲ್ಲಿರುವಾಗಲೇ ಬೆಳೆದುನಿಂತ ಮಗನೊಬ್ಬನನ್ನು ದತ್ತು ತಂದಂತಾಯಿತು. ಆಸ್ತಿ ಒಂದು, ಹಕ್ಕುದಾರರು ಇಬ್ಬರು. ಮೊದಲು ಡಿ ಸೋಟೋವನ್ನು ಡಾಡ್ಜಿಗಿಂತ ಕೆಳಗಿನ ಬೆಲೆಗೆ ಇಟ್ಟಿದ್ದರು; 1933ರಲ್ಲಿ ಅದನ್ನು ತಿರುವುಮುರುವು ಮಾಡಿ ಡಾಡ್ಜಿಗಿಂತ ಮೇಲಕ್ಕೆ, ಕ್ರೈಸ್ಲರಿಗಿಂತ ಕೆಳಕ್ಕೆ ಕೂರಿಸಿದರು. ಇಷ್ಟರ ಮೇಲೆ, ಡಿ ಸೋಟೋ ಮಾರುವ ಅಂಗಡಿಗಳಲ್ಲಿಯೇ ಅಗ್ಗದ ಪ್ಲಿಮತ್ತನ್ನೂ ನಿಲ್ಲಿಸಿದರು. ಕೊಳ್ಳಬಂದವನ ಕಣ್ಣು ಎರಡರ ಮೇಲೂ ಬೀಳುತ್ತಿತ್ತು.

1934ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಗಾಳಿಯ ತಡೆ ಕಡಿಮೆಯಾಗುವಂತೆ ದುಂಡಗೆ ರೂಪಿಸಿದ ಏರ್‌ಫ್ಲೋ ಎಂಬ ಹೊಸ ಮಾದರಿಯನ್ನು ಕಂಪೆನಿಯವರು ಆ ವರ್ಷ ಹೊರತಂದರು. ಯಂತ್ರಶಾಸ್ತ್ರದ ದೃಷ್ಟಿಯಿಂದ ಅದು ಕಾಲಕ್ಕಿಂತ ಮುಂದಿತ್ತು. ಆದರೆ ಜನರಿಗೆ ಅದರ ಮುಖ ಹಿಡಿಸಲಿಲ್ಲ. ಕ್ರೈಸ್ಲರ್ ಹೆಸರಿನಲ್ಲಿ ಹಳೆಯ ಆಕಾರದ ಗಾಡಿಗಳನ್ನೂ ಉಳಿಸಿಕೊಂಡಿದ್ದರು; ಡಿ ಸೋಟೋ ಹೆಸರಿನಲ್ಲಿ ಮಾತ್ರ ಆ ವರ್ಷ ಏರ್‌ಫ್ಲೋ ಹೊರತು ಬೇರೊಂದಿರಲಿಲ್ಲ. ಸುಮಾರು 14 ಸಾವಿರ ಗಾಡಿಗಳಷ್ಟೇ ತಯಾರಾದುವು. ಹಿರಿಯರ ಮನೆಯಲ್ಲಿ ಹೊಸ ಪ್ರಯೋಗದ ಭಾರವೆಲ್ಲ ಬೀಳುವುದು ನಡುವಣ ಮಗನ ಮೇಲೆಯೇ.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಮೋಟಾರು ಕೈಗಾರಿಕೆಯ ವಿಚಾರ ಹೊರಟಿತು. ಅಮೆರಿಕದಿಂದಲೂ ಇಂಗ್ಲೆಂಡಿನಿಂದಲೂ ವರ್ಷಂಪ್ರತಿ ಸಾವಿರಾರು ಗಾಡಿಗಳು ಬಂದು ಇಳಿಯುತ್ತಿದ್ದುವು. ಜನರಲ್ ಮೋಟಾರ್ಸಿನವರೂ ಫೋರ್ಡಿನವರೂ ಇಲ್ಲಿ ಶಾಖೆಗಳನ್ನು ತೆರೆದು, ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಜೋಡಿಸಿ ಮಾರುತ್ತಿದ್ದರು. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ ಎಂಬ ಭೇದವನ್ನು ಸ್ಪಷ್ಟವಾಗಿ ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿಯಿಂದ ನಿವೃತ್ತರಾಗಿ ಹದಿನೇಳು ವರ್ಷಗಳಾದ ಮೇಲೆ, ಎಪ್ಪತ್ತೈದರ ಪ್ರಾಯದಲ್ಲಿ, 1935ರಲ್ಲಿ ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರಖಾನೆಗಳನ್ನು ಸಂದರ್ಶಿಸಿ, 1936ರಲ್ಲಿ ಯೋಜನೆಯನ್ನು ಸಿದ್ಧಪಡಿಸಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಬೊಂಬಾಯಿಯ ಕಾಂಗ್ರೆಸ್ ಮಂತ್ರಿಮಂಡಲ ಇದಕ್ಕೆ ಅನುಕೂಲವಾಗಿತ್ತು. 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಉದ್ಯಮಪತಿ ವಾಲ್‌ಚಂದ್ ಹೀರಾಚಂದರು ಕಾರ್ಯವನ್ನು ಕೈಗೆತ್ತಿಕೊಂಡು, 1940ರಲ್ಲಿ ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರವು ನೆರವಿಗೆ ನಿಂತಿತು. ಬಂಡವಾಳಗಾರರಿದ್ದರು, ವಿದ್ಯೆ ಕಲಿಸುವವರಿದ್ದರು, ಸಂಸ್ಥಾನದ ವಿದ್ಯುಚ್ಛಕ್ತಿಯೂ ಭದ್ರಾವತಿಯ ಕಬ್ಬಿಣವೂ ಇದ್ದುವು.

ಇಲ್ಲದಿದ್ದದ್ದು ಅನುಜ್ಞೆಯೊಂದೇ. ಯುದ್ಧಪ್ರಯತ್ನಕ್ಕೆ ಈ ಕಾರಖಾನೆ ಅವಶ್ಯವಲ್ಲವೆಂದೂ ಯಂತ್ರಗಳನ್ನು ತರಿಸಲು ಡಾಲರುಗಳನ್ನು ಬಿಡಲಾಗದೆಂದೂ ದಿಲ್ಲಿಯ ಬ್ರಿಟಿಷ್ ಸರ್ಕಾರದವರು ಹೇಳಿದರು. ಯುದ್ಧಕ್ಕೆ ಲಾರಿಗಳು ಬೇಕು, ಆದರೆ ಲಾರಿ ಮಾಡುವ ಕಾರಖಾನೆ ಬೇಡ ಎಂಬ ಈ ತರ್ಕವನ್ನು ಇಂದು ಓದುವವರು ನಗಬಹುದು. ಅಂದು ನಗುವ ಪರಿಸ್ಥಿತಿ ನಮ್ಮದಾಗಿರಲಿಲ್ಲ. ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದ ಪಾಲುದಾರಿಕೆಯಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದಾಗ ಅದಕ್ಕೆ ಅನುಮತಿ ದೊರೆಯಿತು. ಏಕೆಂದರೆ ವಿಮಾನವು ಅವರಿಗೆ ಬೇಕಾಗಿತ್ತು. ನಮ್ಮ ಜನರಿಗೆ ಕೌಶಲ ಸಾಲದೆಂಬ ಮಾತು ಸುಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ವಿಮಾನವನ್ನು ದುರಸ್ತಿ ಮಾಡಬಲ್ಲ ಕೈ ಮೋಟಾರಿನ ಎಂಜಿನ್ನನ್ನು ಮಾಡಲಾರದೆ?

ಮೋಟಾರು ಕಾರಖಾನೆ ಮೈಸೂರಿನಿಂದ ತಪ್ಪಿ ಬೊಂಬಾಯಿಯ ಪಾಲಾಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಕಂಪೆನಿ ಸ್ಥಾಪಿತವಾಗಿ, 1947ರಲ್ಲಿ ಅದರ ಕುರ್ಲಾ ಕಾರಖಾನೆಯಿಂದ ಗಾಡಿಗಳು ಹೊರಬಂದುವು. ಅವುಗಳ ಹೆಸರುಗಳು ಡಾಡ್ಜ್, ಪ್ಲಿಮತ್, ಡಿ ಸೋಟೋ. ಇಲ್ಲಿ ಒಂದು ಸ್ವಾರಸ್ಯವಿದೆ. ಡಿಪ್ಲೊಮ್ಯಾಟ್ ಎಂಬ ಉಪನಾಮದೊಡನೆ ಹೊರದೇಶಗಳಿಗೆ ಬಂದ ಡಿ ಸೋಟೋ ನಿಜವಾಗಿ ಪ್ಲಿಮತ್ ಗಾಡಿಯೇ. ಮುಂಭಾಗದ ಜಾಲರಿಯನ್ನೂ ಹೆಸರಿನ ಫಲಕವನ್ನೂ ಬದಲಾಯಿಸಿದ್ದರಷ್ಟೆ. ಒಂದೇ ಹಿಟ್ಟಿನ ದೋಸೆಯನ್ನು ಮೂರು ಹೋಟೆಲಿನ ಎಲೆಯ ಮೇಲೆ ಬಡಿಸಿದಂತೆ. ನಡುವಿನ ಮೆಟ್ಟಿಲೆಂಬುದು ಹೆಸರಿನಲ್ಲಿತ್ತೇ ಹೊರತು ಕಬ್ಬಿಣದಲ್ಲಿರಲಿಲ್ಲ.

ಅತ್ತ ಅಮೆರಿಕದಲ್ಲಿ ಡಿ ಸೋಟೋವಿಗೆ ಇನ್ನೊಮ್ಮೆ ಒಳ್ಳೆಯ ಕಾಲ ಬಂದಿತು. ಯುದ್ಧಾನಂತರ ಕೈಯಲ್ಲಿ ಹಣ ಕಂಡ ಜನರು ಮೆಟ್ಟಿಲು ಹತ್ತುವ ಹುಮ್ಮಸ್ಸಿನಲ್ಲಿದ್ದರು. ವರ್ಜಿಲ್ ಎಕ್ಸ್‌ನರ್ ಎಂಬ ವಿನ್ಯಾಸಕಾರನು ಹಿಂಭಾಗಕ್ಕೆ ಮೀನಿನ ರೆಕ್ಕೆಯಂಥ ಆಕಾರವನ್ನು ಕೊಟ್ಟ 1957ರ ಮಾದರಿ 1,17,000ಕ್ಕೂ ಮಿಕ್ಕಿ ತಯಾರಾಯಿತು. ಆದರೆ ಆ ವರ್ಷದ ಗಾಡಿಗಳನ್ನು ಅವಸರದಲ್ಲಿ ತಯಾರಿಸಿದ್ದರಿಂದ ತುಕ್ಕು, ಸೋರಿಕೆಗಳ ದೂರುಗಳು ಬಂದುವು. ಒಳ್ಳೆಯ ಹೆಸರು ಹೋಯಿತು. 1958ರಲ್ಲಿ ವ್ಯಾಪಾರ ಕುಸಿದಾಗ ಮೊದಲು ನರಳಿದುವು ನಡುವಣ ಬೆಲೆಯ ಗಾಡಿಗಳೇ. ಡಿ ಸೋಟೋವಿನ ತಯಾರಿಕೆ ಒಂದೇ ವರ್ಷದಲ್ಲಿ ಐವತ್ತು ಸಾವಿರದೊಳಕ್ಕೆ ಇಳಿಯಿತು. ಸಾಹುಕಾರನು ಕೊಳ್ಳುವುದನ್ನು ಬಿಡಲಿಲ್ಲ. ಬಡವನು ಅಗ್ಗದ್ದನ್ನು ಕೊಂಡನು. ನಡುವಿನವನು ಹಳೆಯ ಗಾಡಿಯನ್ನೇ ಇನ್ನೆರಡು ವರ್ಷ ಓಡಿಸಿದನು.

ಇಂಥ ಸಮಯದಲ್ಲಿ ಮನೆಯವರೇ ಕೈಬಿಟ್ಟರು. ಕೆಳಗಿನಿಂದ ಡಾಡ್ಜಿನವರು ದೊಡ್ಡ ಗಾಡಿಗಳನ್ನು ಮಾಡಿ ಮೇಲಕ್ಕೆ ಬಂದರು. ಮೇಲಿನಿಂದ ಕ್ರೈಸ್ಲರಿನವರು 1961ರ ಮಾದರಿಯಾಗಿ ನ್ಯೂಪೋರ್ಟ್ ಎಂಬ ಗಾಡಿಯನ್ನು ಮೂರು ಸಾವಿರ ಡಾಲರಿಗೂ ಕಡಿಮೆ ಬೆಲೆಗೆ ಇಳಿಸಿದರು. ಅತ್ತ ದರಿ, ಇತ್ತ ಪುಲಿ. 1961ರ ಡಿ ಸೋಟೋ ಹೊರಬಂದು ಎರಡು ತಿಂಗಳು ತುಂಬುವುದರೊಳಗೆ, 1960ನೆಯ ನವೆಂಬರ್ 30ರಂದು, ಆ ಹೆಸರನ್ನು ನಿಲ್ಲಿಸಿರುವುದಾಗಿ ಕಂಪೆನಿಯವರು ಪ್ರಕಟಿಸಿದರು. ಕೊನೆಯ ಮಾದರಿಯ ಗಾಡಿಗಳು 3,034 ಮಾತ್ರ. ಮೂವತ್ತೆರಡು ವರ್ಷಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಲೋಕಕ್ಕೆ ಕೊಟ್ಟ ಹೆಸರು ಹೀಗೆ ಮುಗಿಯಿತು. ಅದಕ್ಕೆ ಎರಡು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವ ನಡೆದಿತ್ತು. ಮೈಸೂರಿಗೆ ಕಾರಖಾನೆಯನ್ನು ತರಬಯಸಿದ ಮಹನೀಯರು, ಅಲ್ಲಿ ತಯಾರಾಗಬಹುದಾಗಿದ್ದ ಗಾಡಿಗಿಂತ ಹೆಚ್ಚು ಕಾಲ ಬಾಳಿದರು.

ಡಿ ಸೋಟೋವಿನ ಗತಿಯೇ ಮುಂದೆ ಅದರ ನೆಂಟರಿಗೂ ಎದುರಾಳಿಗಳಿಗೂ ಬಂದಿತು. ಓಲ್ಡ್ಸ್‌ಮೊಬಿಲ್ 2004ರಲ್ಲಿ, ಪ್ಲಿಮತ್ 2001ರಲ್ಲಿ, ಪಾಂಟಿಯಾಕ್ 2010ರಲ್ಲಿ ಅಳಿದುವು. ದತ್ತುಪುತ್ರನಾದ ಡಾಡ್ಜ್ ಮಾತ್ರ ಇಂದಿಗೂ ಉಳಿದಿದ್ದಾನೆ.

ಹಾಗಾದರೆ ಮೈಸೂರಿಗೆ ಕಾರಖಾನೆ ಬಾರದಿದ್ದುದೇ ಒಳ್ಳೆಯದಾಯಿತೆಂದು ವಾದಿಸುವವರಿರಬಹುದು. ಹೇಗೂ ಸಾಯಲಿದ್ದ ಗಾಡಿಯನ್ನು ಕಟ್ಟಿಕೊಂಡು ನಾವು ಪಡೆಯುತ್ತಿದ್ದುದೇನು ಎಂಬುದು ಅವರ ಪ್ರಶ್ನೆ. ಈ ವಾದವನ್ನು ನಾವು ಒಪ್ಪುವುದಿಲ್ಲ. ಕುರ್ಲಾದ ಕಾರಖಾನೆಯೇ ಇದಕ್ಕೆ ಉತ್ತರ. ಸ್ವತಂತ್ರ ಭಾರತದ ಸರ್ಕಾರವು 1949ರಲ್ಲಿ ಪೂರ್ಣ ತಯಾರಾದ ಗಾಡಿಗಳ ಆಮದನ್ನು ತಡೆದು, 1953ರಲ್ಲಿ ತಯಾರಿಕೆಯ ಕಾರ್ಯಕ್ರಮವಿಲ್ಲದವರಿಗೆ ಇಲ್ಲಿ ಸ್ಥಾನವಿಲ್ಲವೆಂದು ವಿಧಿಸಿದಾಗ, ಕೇವಲ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಫೋರ್ಡುಗಳು ಶಾಖೆಗಳನ್ನು ಮುಚ್ಚಿಕೊಂಡು ಹೋದುವು. ತಯಾರಿಕೆಗೆ ಕೈಹಾಕಿದ್ದ ಪ್ರೀಮಿಯರಿನವರು ಅಮೆರಿಕದ ದೊಡ್ಡ ಗಾಡಿಗಳನ್ನು ಬಿಟ್ಟು ಇಟಲಿಯ ಫಿಯಟ್ಟನ್ನು ಹಿಡಿದರು. ಅದಕ್ಕೆ ಮುಂದೆ ಪದ್ಮಿನಿ ಎಂಬ ನಮ್ಮ ಹೆಸರನ್ನೇ ಇಟ್ಟು ಶತಮಾನದ ಕೊನೆಯವರೆಗೂ ನಡೆಸಿದರು. ಡಿ ಸೋಟೋ ಸತ್ತರೂ ಕುರ್ಲಾದ ಕೆಲಸಗಾರನು ಕಲಿತ ವಿದ್ಯೆ ಸಾಯಲಿಲ್ಲ. ಆ ವಿದ್ಯೆ ಬೆಂಗಳೂರಿಗೆ ಇಪ್ಪತ್ತು ವರ್ಷ ಮುಂಚೆಯೇ ಬರಬಹುದಾಗಿತ್ತು ಎಂಬುದೇ ನಮ್ಮ ವ್ಯಥೆ.

ಇದು ಹಳೆಯ ವ್ಯಥೆಯಷ್ಟೇ ಅಲ್ಲ. ಮೈಸೂರು ರಸ್ತೆಯಲ್ಲಿ ದೊಡ್ಡಮಳೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಬಿಡದಿ ಸಿಕ್ಕುತ್ತದೆ. 1997ರಲ್ಲಿ ಜಪಾನಿನ ಟೊಯೋಟ ಕಂಪೆನಿಯವರು ಕಿರ್ಲೋಸ್ಕರರ ಪಾಲುದಾರಿಕೆಯಿಂದ ಸಂಸ್ಥೆಯನ್ನು ಸ್ಥಾಪಿಸಿ, 1999ರ ಕೊನೆಯಿಂದ ಅಲ್ಲಿ ಗಾಡಿಗಳನ್ನು ತಯಾರಿಸುತ್ತಿದ್ದಾರೆ. ವಿಶ್ವೇಶ್ವರಯ್ಯನವರ ಯೋಜನೆಗೂ ಇದಕ್ಕೂ ಅರವತ್ತು ವರ್ಷಗಳಿಗೂ ಮಿಕ್ಕಿದ ಅಂತರ. ಅಲ್ಲಿ ಮೊದಲು ತಯಾರಾದ ಕ್ವಾಲಿಸ್ ಎಂಬ ಗಾಡಿ ಜನಪ್ರಿಯವಾಗಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ಎಂಬುದನ್ನು ತಂದರು. ಹೆಸರು ಹೋಯಿತು, ಕಾರಖಾನೆ ನಿಂತಿತು, ಕೆಲಸಗಾರನ ಅನ್ನ ಉಳಿಯಿತು. 2007ರಲ್ಲಿ ಅದೇ ಆವರಣದಲ್ಲಿ ಗ್ರಾಮಾಂತರದ ಬಡ ಹುಡುಗರಿಗಾಗಿ ತಾಂತ್ರಿಕ ಶಿಕ್ಷಣದ ಶಾಲೆಯೂ ಆರಂಭವಾಯಿತು. ಇದು ಸಂತೋಷದ ಸಂಗತಿ.

ಆದರೂ ಅಧಿಕಾರಿ ಮಹಾಶಯರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕೆಂದು ನಾವು ಕೋರುತ್ತೇವೆ. ಯಾವ ಗಾಡಿಯ ಹೆಸರು ಇರಬೇಕು, ಯಾವುದು ಹೋಗಬೇಕು ಎಂಬ ನಿರ್ಣಯವು ಡೆಟ್ರಾಯಿಟಿನಲ್ಲಿಯೋ ಜಪಾನಿನಲ್ಲಿಯೋ ಆಗುತ್ತದೆ. ನಮ್ಮನ್ನು ಯಾರೂ ಕೇಳುವುದಿಲ್ಲ. ಆದುದರಿಂದ ಭೂಮಿ, ನೀರು, ತೆರಿಗೆ ವಿನಾಯಿತಿಗಳನ್ನು ಕೊಟ್ಟು ಕಾರಖಾನೆಗಳನ್ನು ಕರೆಯುವಾಗ ಎಷ್ಟು ಗಾಡಿ ತಯಾರಾಗುವುದೆಂದು ಕೇಳಿದರೆ ಸಾಲದು. ಎಂಜಿನ್ ಎಲ್ಲಿ ತಯಾರಾಗುತ್ತದೆ, ವಿನ್ಯಾಸದ ಮೇಜಿನ ಮುಂದೆ ನಮ್ಮ ಹುಡುಗರು ಎಷ್ಟು ಮಂದಿ ಕೂರುತ್ತಾರೆ, ಬಿಡಿಭಾಗಗಳನ್ನು ಮಾಡುವ ಸಣ್ಣ ಕಾರಖಾನೆಗಳು ಮಾಗಡಿ ಕನಕಪುರಗಳಲ್ಲಿ ಎಷ್ಟು ಏಳುತ್ತವೆ ಎಂದು ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಚನ್ನಪಟ್ಟಣದ ಅರಗಿನ ಬೊಂಬೆಗೆ ಊರಿನ ಹೆಸರೇ ಕಾನೂನಿನ ರಕ್ಷಣೆ ಪಡೆದಿರುವುದರಿಂದ, ಅದನ್ನು ದೂರದ ಕಚೇರಿಯಲ್ಲಿ ಕುಳಿತವರು ಒಂದು ದಿನ ಬೆಳಗ್ಗೆ ಎದ್ದು ನಿಲ್ಲಿಸಲಾರರು. ಮೋಟಾರಿನ ಹೆಸರಿಗೆ ಅಂಥ ರಕ್ಷಣೆ ನಮ್ಮ ಕೈಯಲ್ಲಿಲ್ಲ. ಮೋಟಾರು ಮಾಡುವ ವಿದ್ಯೆಯನ್ನು ಕಲಿತು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಈ ದಾರಿಯಲ್ಲಿ ಮುಂದೆ ಯಾವ ಹೆಸರಿನ ಗಾಡಿ ಓಡಿದರೂ ಅದನ್ನು ಮಾಡಿದ ಕೈ ಈ ಸೀಮೆಯದಾಗಿರಲಿ ಎಂಬುದೇ ನಮ್ಮ ಆಶಯ.