ಹೃದಯದ ಎರಡು ಪರೀಕ್ಷೆಗಳು

ಕೊಟ್ಟಿಗೆಯಲ್ಲಿ ಮಲಗಿರುವ ಎತ್ತನ್ನು ನೋಡಿ ಅದರ ಮೈಕಟ್ಟನ್ನು ಹೇಳಬಹುದು; ಅದರ ಬಲವನ್ನು ತಿಳಿಯಬೇಕಾದರೆ ನೊಗ ಹೂಡಿ ಏರುದಾರಿಯಲ್ಲಿ ನಡೆಯಿಸಿಯೇ ನೋಡಬೇಕು. ಹೃದಯದ ವಿಷಯವೂ ಹಾಗೆಯೇ. ವೈದ್ಯರು ಒಬ್ಬ ರೋಗಿಗೇ ‘ಎಕೋ’ ಪರೀಕ್ಷೆಯನ್ನೂ ‘ಟ್ರೆಡ್‌ಮಿಲ್’ ಪರೀಕ್ಷೆಯನ್ನೂ ಬರೆದುಕೊಟ್ಟಾಗ, ಒಂದು ಸಾಲದೆ ಎರಡೇಕೆಂದು ಮನೆಯವರು ಶಂಕಿಸುವುದುಂಟು. ಮೊದಲನೆಯದು ಮುಖ್ಯವಾಗಿ ಹೃದಯದ ರಚನೆ ಮತ್ತು ಚಲನೆಗಳನ್ನೂ, ಎರಡನೆಯದು ದುಡಿಮೆಯ ಹೊತ್ತಿನಲ್ಲಿ ಅದು ತಾಳಬಲ್ಲುದೇ ಎಂಬುದನ್ನೂ ತಿಳಿಸತಕ್ಕವು. ಒಂದರ ಉತ್ತರವನ್ನು ಮತ್ತೊಂದರದೆಂದು ಭಾವಿಸಿ ನಿಶ್ಚಿಂತರಾದರೆ ಪ್ರಾಣಕ್ಕೇ ಅಪಾಯ ಬರಬಹುದಾದುದರಿಂದ, ಗೃಹಸ್ಥರು ಈ ಭೇದವನ್ನು ಅರಿತಿರುವುದು ಶ್ರೇಯಸ್ಕರ.

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಶಬ್ದವನ್ನು ಮಾತ್ರ ಕೇಳಬಲ್ಲುದು. ಅದನ್ನು ಮೀರಿದುದು ಶ್ರವಣಾತೀತ ಶಬ್ದ. ವಯಸ್ಕರ ಹೃದಯವನ್ನು ನೋಡಲು ಸಾಮಾನ್ಯವಾಗಿ ೨೦ ಲಕ್ಷದಿಂದ ೫೦ ಲಕ್ಷ ಕಂಪನಗಳ ಶಬ್ದವನ್ನು ಎದೆಯೊಳಕ್ಕೆ ಕಳುಹಿಸುವರು. ಬಾವಿಯೊಳಗೆ ಕೂಗಿದ ದನಿ ಮರಳಿ ಬರುವಂತೆ, ಹೃದಯದ ಗೋಡೆಗಳಿಗೂ ಕವಾಟಗಳಿಗೂ ತಾಗಿ ಮರಳಿದ ಶಬ್ದವನ್ನು ಯಂತ್ರವು ಚಿತ್ರವಾಗಿ ಮೂಡಿಸುವುದು. ೧೯೫೩ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಕಾರ್ಲ್ ಹೆಲ್ಮುತ್ ಹರ್ಟ್ಸ್ ಎಂಬ ಭೌತಶಾಸ್ತ್ರಜ್ಞರೂ, ಲೋಹದೊಳಗಿನ ಬಿರುಕುಗಳನ್ನು ಪತ್ತೆಮಾಡುವ ಯಂತ್ರವನ್ನು ತಂದು ಮೊದಲಬಾರಿಗೆ ಹೃದಯದ ಚಲನೆಯನ್ನು ಈ ರೀತಿ ದಾಖಲಿಸಿದರು. ೧೯೭೭ರಲ್ಲಿ ಇವರಿಬ್ಬರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಈ ಪರೀಕ್ಷೆಯಲ್ಲಿ ಕ್ಷಕಿರಣಗಳಿಲ್ಲ, ನೋವಿಲ್ಲ. ಗರ್ಭಿಣಿಯರಿಗೂ ಶಿಶುಗಳಿಗೂ ಇದನ್ನು ಮಾಡಬಹುದು. ಕವಾಟವು ಕಿರಿದಾಗಿದೆಯೇ, ಸೋರುತ್ತಿದೆಯೇ, ಗೋಡೆಯು ದಪ್ಪವಾಗಿದೆಯೇ, ಹುಟ್ಟಿನಿಂದ ರಂಧ್ರವೇನಾದರೂ ಇದೆಯೇ ಎಂಬುದನ್ನು ತಿಳಿಯಬಹುದು. ಪ್ರತಿ ಬಡಿತದಲ್ಲಿಯೂ ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ನೂರರಲ್ಲಿ ಸುಮಾರು ೫೫ರಿಂದ ೭೦ ಪಾಲನ್ನು ಹೊರದೂಡುವುದು ಸಹಜ. ಈ ಪ್ರಮಾಣವನ್ನೂ ಇದರಿಂದ ಅಳೆಯುವರು. ಚಿಕ್ಕಂದಿನಲ್ಲಿ ಕೀಲುವಾತ ಜ್ವರ ಬಂದು ಕವಾಟ ಕೆಟ್ಟಿರುವವರು ನಮ್ಮ ದೇಶದಲ್ಲಿ ಬಹಳ ಮಂದಿ ಇರುವುದರಿಂದ ಇದರ ಉಪಯೋಗ ಅಪಾರವಾದುದು.

ಆದರೆ ಹೃದಯದ ಸ್ನಾಯುವಿಗೇ ರಕ್ತವನ್ನು ಒದಗಿಸುವ ಸಣ್ಣ ಧಮನಿಗಳೊಳಗೆ ಕೊಬ್ಬು ಕಟ್ಟಿದೆಯೇ ಎಂಬುದು ಸಾಮಾನ್ಯ ಎಕೋ ಚಿತ್ರದಲ್ಲಿ ಕಾಣದು. ಹೂಳು ತುಂಬಿದ ಕಾಲುವೆಯು ಒಂದು ಗದ್ದೆಗೆ ಸಾಕಷ್ಟು ನೀರನ್ನು ಕೊಟ್ಟರೂ ನಾಲ್ಕು ಗದ್ದೆಗಳಿಗೆ ಕೊಡಲಾರದು. ಸುಮ್ಮನೆ ಕುಳಿತಿರುವಾಗ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಹರಿಸಿದರೆ, ಕಠಿಣವಾದ ಶ್ರಮದಲ್ಲಿ ಅದರ ಮೂರು ನಾಲ್ಕು ಪಟ್ಟನ್ನು ಹರಿಸಬೇಕಾಗುವುದು. ಅರ್ಧಕ್ಕಿಂತ ಹೆಚ್ಚು ಕಿರಿದಾದ ಧಮನಿಯೂ ವಿಶ್ರಾಂತಿಯಲ್ಲಿ ದೋಷವನ್ನು ತೋರದೆ, ಮೆಟ್ಟಿಲು ಹತ್ತುವಾಗಲೇ ಎದೆಯನ್ನು ಹಿಂಡಬಹುದು.

ಈ ಗುಟ್ಟನ್ನು ಹೊರಪಡಿಸಲೆಂದೇ ಶ್ರಮಪರೀಕ್ಷೆಯು ಇರುವುದು. ಅಮೆರಿಕದ ಸಿಯಾಟಲ್ ನಗರದ ವೈದ್ಯ ರಾಬರ್ಟ್ ಬ್ರೂಸ್ ಅವರು ೧೯೬೩ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ಬಹುವಾಗಿ ಬಳಕೆಯಲ್ಲಿದೆ. ಚಲಿಸುವ ಪಟ್ಟಿಯ ಮೇಲೆ ಗಂಟೆಗೆ ೨.೭ ಕಿಲೋಮೀಟರ್ ವೇಗದ ನಡಿಗೆಯಿಂದ ಆರಂಭಿಸಿ, ಪ್ರತಿ ೩ ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುವರು. ಜೊತೆಗೆ ಹೃದಯದ ವಿದ್ಯುಲ್ಲೇಖವನ್ನೂ ರಕ್ತದೊತ್ತಡವನ್ನೂ ನೋಡುತ್ತಿರುವರು. ೨೨೦ರಿಂದ ವಯಸ್ಸನ್ನು ಕಳೆದರೆ ಬರುವುದು ಬಡಿತದ ಮೇಲ್ಮಿತಿಯ ಅಂದಾಜು. ಅದರ ನೂರಕ್ಕೆ ೮೫ರಷ್ಟನ್ನು ಮುಟ್ಟಿಸುವುದು ವಾಡಿಕೆ. ೫೦ ವರ್ಷದವರಿಗೆ ಇದು ನಿಮಿಷಕ್ಕೆ ಸುಮಾರು ೧೪೫ ಬಡಿತಗಳಾಗುವುದು.

ಎರಡನ್ನೂ ಕೂಡಿಸಿ ಶ್ರಮಕ್ಕೆ ಮುಂಚೆ ಮತ್ತು ಶ್ರಮವಾದ ಕೂಡಲೆ ಎಕೋ ಚಿತ್ರ ತೆಗೆಯುವುದೂ ಉಂಟು. ರಕ್ತ ಸಾಲದ ಗೋಡೆಯ ಭಾಗವು ಆಗ ಮಂಕಾಗಿ ಚಲಿಸಿ ತನ್ನ ಕೊರತೆಯನ್ನು ತಾನೇ ಸಾರುವುದು. ನಡೆಯಲಾರದವರಿಗೆ ಡೋಬ್ಯುಟಮಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಹೃದಯವನ್ನು ದುಡಿಸುವರು. ಹೀಗಿದ್ದರೂ ಯಾವ ಪರೀಕ್ಷೆಯೂ ದೋಷರಹಿತವಲ್ಲ. ವಿಶೇಷವಾಗಿ ಸ್ತ್ರೀಯರಲ್ಲಿ ವಿದ್ಯುಲ್ಲೇಖದ ಬದಲಾವಣೆಯೊಂದನ್ನೇ ನಂಬಿ ತೀರ್ಮಾನಿಸಿದರೆ ತಪ್ಪುವ ಸಂಭವವು ಹೆಚ್ಚು.

ಪರೀಕ್ಷೆಗೆ ಹೋಗುವವರು ಎರಡು ಮೂರು ಗಂಟೆ ಮೊದಲೇ ಊಟ ತಿಂಡಿಗಳನ್ನು ಮುಗಿಸಿ, ನಡೆಯಲು ಅನುಕೂಲವಾದ ಉಡುಪು ಪಾದರಕ್ಷೆಗಳನ್ನು ಧರಿಸತಕ್ಕದ್ದು. ಸೇವಿಸುತ್ತಿರುವ ಔಷಧಗಳನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿಯೇ ನಿಲ್ಲಿಸಕೂಡದು. ನಡೆಯುವಾಗ ಎದೆನೋವು, ತಲೆಸುತ್ತು, ಉಬ್ಬಸಗಳು ತೋರಿದರೆ ಸಂಕೋಚಪಟ್ಟು ಸಹಿಸದೆ ಒಡನೆಯೇ ಹೇಳತಕ್ಕದ್ದು. ಕುಳಿತಲ್ಲೇ ಎದೆ ಹಿಂಡಿ ಬೆವರು ಕಿತ್ತು ಬಂದಾಗ ಶ್ರಮಪರೀಕ್ಷೆಯ ಮಾತೇ ಸಲ್ಲದು. ೧೦೮ಕ್ಕೆ ಕರೆಮಾಡಿ ತಡಮಾಡದೆ ಆಸ್ಪತ್ರೆ ಸೇರಬೇಕು.

ಎಲ್ಲಕ್ಕೂ ಮುಖ್ಯವಾದುದು ರೋಗಿಯು ಹೇಳುವ ಮಾತು. ನೀರಿನ ಕೊಡ ಹೊತ್ತಾಗ, ದಿಬ್ಬ ಹತ್ತಿದಾಗ, ಉಂಡು ನಡೆದಾಗ ಎದೆಯಲ್ಲಿ ಏನಾಗುವುದೆಂಬುದನ್ನು ಮುಚ್ಚಿಡದೆ ತಿಳಿಸಬೇಕು. ಮನೆಗೆಲಸದ ದಣಿವೆಂದು ಗೃಹಿಣಿಯರೂ, ವಯಸ್ಸಿನ ಧರ್ಮವೆಂದು ಹಿರಿಯರೂ ಇದನ್ನು ತಳ್ಳಿಹಾಕುವುದು ಸರಿಯಲ್ಲ. ಎಕೋ ಚಿತ್ರವು ನಿರ್ದೋಷವಾಗಿ ಬಂದ ಮೇಲೆಯೂ ಶ್ರಮದಲ್ಲಿ ಎದೆ ಹಿಂಡುತ್ತಿದ್ದರೆ, ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗದೆ ಮತ್ತೊಮ್ಮೆ ವೈದ್ಯರ ಬಳಿಗೆ ಹೋಗತಕ್ಕದ್ದು.