ಮೊಹರು ಹಾಕಿದ ಲಕೋಟೆ

ನೀವು ಕ್ಷಯರೋಗದ ಆಸ್ಪತ್ರೆಯೊಂದರ ವೈದ್ಯರು ಎಂದುಕೊಳ್ಳಿ. ಹೊಸ ಔಷಧಿಯೊಂದು ಬಂದಿದೆ. ಆದರೆ ಅದು ಕೆಲವರಿಗೆ ಸಾಲುವಷ್ಟು ಮಾತ್ರ ಇದೆ. ಯಾರಿಗೆ ಕೊಡುತ್ತೀರಿ? ಚೇತರಿಸಿಕೊಳ್ಳುವ ಲಕ್ಷಣವಿರುವವರನ್ನೇ ಆರಿಸಿಕೊಂಡರೆ ಔಷಧಿಯ ಗುಣ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೈಮೀರಿದವರಿಗೇ ಕೊಟ್ಟರೆ ಒಳ್ಳೆಯ ಔಷಧಿಯೂ ನಿಷ್ಪ್ರಯೋಜಕ ಎನಿಸುತ್ತದೆ. ಇದಕ್ಕೆ ಮೋಸದ ಉದ್ದೇಶವೇ ಬೇಕಿಲ್ಲ, ಕರುಣೆಯೊಂದೇ ಸಾಕು. ಆಯ್ಕೆಯಲ್ಲಿ ಹೀಗೆ ನುಸುಳುವ ದೋಷವೇ ಪಕ್ಷಪಾತ.

1947ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಟ್ರೆಪ್ಟೊಮೈಸಿನ್ ಔಷಧಿಯನ್ನು ಪರೀಕ್ಷಿಸಿದಾಗ ಇದೇ ಸಮಸ್ಯೆ ಎದುರಾಯಿತು. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಸೂಚಿಸಿದ ಉಪಾಯ ಸರಳವಾದದ್ದು. ಯಾರು ಯಾವ ಗುಂಪಿಗೆ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳ ಮೂಲಕ ಮೊದಲೇ ಗೊತ್ತುಮಾಡಿ, ಚೀಟಿಗಳನ್ನು ಲಕೋಟೆಗಳಲ್ಲಿಟ್ಟು ಮೊಹರು ಹಾಕಲಾಯಿತು. ರೋಗಿಯನ್ನು ಪ್ರಯೋಗಕ್ಕೆ ಒಪ್ಪಿಕೊಂಡ ನಂತರವೇ ಲಕೋಟೆ ತೆರೆಯಬೇಕು. ಬೇಡವಾದ ಚೀಟಿ ಬಂದಿತೆಂದು ರೋಗಿಯನ್ನು ಬದಲಿಸುವಂತಿಲ್ಲ. ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿದ ತಜ್ಞರಿಗೂ ಅವು ಯಾವ ಗುಂಪಿನವು ಎಂಬುದು ತಿಳಿದಿರಲಿಲ್ಲ.

ಒಟ್ಟು 107 ರೋಗಿಗಳು. ಆರು ತಿಂಗಳ ಕೊನೆಗೆ, ಔಷಧಿ ಪಡೆದ 55 ಮಂದಿಯಲ್ಲಿ 4 ಜನ, ಹಾಸಿಗೆ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಜನ ಮರಣಹೊಂದಿದ್ದರು. 1948ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅಲ್ಲಗಳೆಯುವುದು ಕಷ್ಟವಾಗಿತ್ತು. (ತರಗತಿಯಲ್ಲೇ ಇದನ್ನು ತೋರಿಸಬಹುದು. ಹತ್ತು ಮಕ್ಕಳನ್ನು ನೀವೇ ಆರಿಸಿ ಎತ್ತರದ ಸರಾಸರಿ ತೆಗೆಯಿರಿ. ಬಳಿಕ ಚೀಟಿ ಎತ್ತಿ ಹತ್ತು ಮಂದಿಯನ್ನು ಆರಿಸಿ. ಎರಡನ್ನೂ ಇಡೀ ತರಗತಿಯ ಸರಾಸರಿಯೊಡನೆ ಹೋಲಿಸಿ. ಒಂದೇ ಸಲಕ್ಕೆ ನಿಲ್ಲಿಸಬೇಡಿ.)

ಆದರೆ ಲಕೋಟೆಯಿಂದ ಪರಿಹಾರವಾಗದ ಪ್ರಶ್ನೆಯೊಂದಿತ್ತು. ವಿಶ್ರಾಂತಿ ಮಾತ್ರ ಪಡೆದ ಗುಂಪಿನವರಿಗೆ ತಾವು ಪ್ರಯೋಗದ ಭಾಗವೆಂಬುದನ್ನೇ ತಿಳಿಸಿರಲಿಲ್ಲ. ಹೇಗೂ ಎಲ್ಲರಿಗೂ ಸಾಲುವಷ್ಟು ಔಷಧಿ ಇರಲಿಲ್ಲವಲ್ಲ ಎಂಬುದು ಸಮರ್ಥನೆ. ಔಷಧಿ ಹಂಚಿಕೆಯ ಮಟ್ಟಿಗೆ ಈ ವಾದ ಸರಿಯೇ. ತಿಳಿಸದಿರುವುದಕ್ಕೆ ಅದು ಕಾರಣವಾಗದು. ನಾಜಿ ವೈದ್ಯರ ವಿಚಾರಣೆಯ ತೀರ್ಪಿನಲ್ಲಿ, ಪ್ರಯೋಗಕ್ಕೆ ಒಳಗಾಗುವವರ ಸ್ವಇಚ್ಛೆಯ ಸಮ್ಮತಿ ಅತ್ಯಗತ್ಯವೆಂದು ನ್ಯೂರೆಂಬರ್ಗ್ ಸಂಹಿತೆ ಸಾರಿದ್ದೂ ಅದೇ 1947ರಲ್ಲಿ.

ಇಂದು ಭಾರತದಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. 2019ರ ನಿಯಮಗಳ ಪ್ರಕಾರ ಇದರಲ್ಲಿ ಕನಿಷ್ಠ ಏಳು ಸದಸ್ಯರಿದ್ದು, ಅವರಲ್ಲಿ ಒಬ್ಬರು ವೈದ್ಯಕೀಯ ಕ್ಷೇತ್ರದ ಹೊರಗಿನ ಸಾಮಾನ್ಯ ನಾಗರಿಕರಾಗಿರಬೇಕು. ಆ ಸದಸ್ಯರು ನಿಮ್ಮಂತಹ ಶಿಕ್ಷಕರೂ ಆಗಬಹುದು. ಅವರು ಔಷಧಿಯ ರಸಾಯನಶಾಸ್ತ್ರ ಬಲ್ಲವರಾಗಿರಬೇಕಿಲ್ಲ. ಸಮ್ಮತಿ ಪತ್ರವನ್ನು ಕೈಗೆತ್ತಿಕೊಂಡು ಅವರು ಕೇಳಬೇಕಾದ್ದು ಬೇರೆ: ಇದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ? ಗುಂಪನ್ನು ಚೀಟಿಯ ಮೂಲಕ ನಿರ್ಧರಿಸುತ್ತಾರೆಂದು ಬರೆದಿದೆಯೇ? ನಡುವೆ ಬಿಟ್ಟುಹೋದರೂ ಮಾಮೂಲು ಚಿಕಿತ್ಸೆ ತಪ್ಪುವುದಿಲ್ಲ ಎಂಬ ಮಾತು ಎಷ್ಟನೆಯ ಪುಟದಲ್ಲಿದೆ?